ಸಿಮೆಂಟ್ ಬಾಟ್ಲಿ ಇದ್ದ ಜಾಗ

ಓದುಗ ಬಂಧುಗಳೆಲ್ಲರಿಗೂ ಶರಣು. ನಾನು ಮೀಸೆ ಬಂದ ಮೇಲೆ ಅಕ್ಷರ ಕಲಿತವನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ, ಮಾತು ಹಿಂದುಮುಂದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರೆಯುವ ರೂಢಿ ನನಗಿಲ್ಲ. ಆದರೆ ಹೋದ ತಿಂಗಳು ನಮ್ಮ ಕಾಕಾ ತೀರಿಕೊಂಡರು. ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ ಎಂದು ಗೊತ್ತಿದ್ದರಿಂದ ನಾನೇ ಕೂತೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕಾಕಾ ಅಂದರೆ ನನ್ನ ಸ್ವಂತ ಚಿಕ್ಕಪ್ಪ ಅಲ್ಲ. ನಮ್ಮ ಗ್ಯಾಂಗಿನ ಮೇಸ್ತ್ರಿ. ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅವುಗಳಿಗೆ ಹೋಗುವ ರಸ್ತೆಗಳನ್ನು ಅಗಲ ಮಾಡುತ್ತಿದ್ದರು. ರಸ್ತೆ ಅಗಲ ಆಗಬೇಕಾದರೆ ಪಕ್ಕದ್ದೆಲ್ಲ ಬೀಳಬೇಕಲ್ಲ, ಆ ಬೀಳಿಸುವ ಕೆಲಸ ನಮ್ಮದು. ರಾಯಚೂರು ಕಡೆಯ ಒಂದು ಸಣ್ಣ ಊರಿನಿಂದ ಹೋದ ಗ್ಯಾಂಗು. ಗಂಡಸರು ಸುತ್ತಿಗೆ ಹಿಡಿದು ಒಡೆಯುವುದು, ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಕುವುದು. ಕಾಕಾನ ಹೆಂಡತಿ, ನಮಗೆಲ್ಲ ಕಾಕಿ, ಅವರೂ ಬುಟ್ಟಿ ಹೊರುತ್ತಿದ್ದರು.

ಆರು ದಿನ ಊರನ್ನು ಒಡೆಯುವುದು, ಏಳನೇ ದಿನ ಅದೇ ಊರನ್ನು ನೋಡಲು ಹೋಗುವುದು. ಇದು ಕಾಕಾ ಹಾಕಿಕೊಟ್ಟ ಪದ್ಧತಿ. ಬೇರೆ ಗ್ಯಾಂಗಿನವರು ಭಾನುವಾರ ಕುಡಿದು ಮಲಗಿದರೆ ನಮ್ಮವರು ಸ್ನಾನ ಮಾಡಿ, ಎಣ್ಣೆ ಹಚ್ಚಿ, ಸಾಲಾಗಿ ಹೊರಡುತ್ತಿದ್ದೆವು. ಕಾಕಾ ತಮ್ಮ ಕೆಂಪು ಟವೆಲನ್ನು ಒಂದು ಕೋಲಿಗೆ ಕಟ್ಟಿ ಎತ್ತಿ ಹಿಡಿದು ಮುಂದೆ. ಅರ್ಧ ದಾರಿ ಅವರು ಹಿಂದಕ್ಕೆ ಹಿಂದಕ್ಕೆ ನಡೆಯುವರು, ನಮ್ಮ ಕಡೆ ಮುಖ ಮಾಡಿ, ಯಾರೂ ತಪ್ಪಿಸಿಕೊಳ್ಳಬಾರದು ಎಂದು. ಹಾಗೆ ನಡೆದು ಎಷ್ಟೋ ಸಲ ತಳ್ಳುಗಾಡಿಗೆ ಡಿಕ್ಕಿ ಹೊಡೆದದ್ದುಂಟು.

ಚಾರ್‌ಮಿನಾರ್ ಕೆಳಗೆ ನಿಂತು ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ.

“ಕಾಕಾ, ಮ್ಯಾಲ ಏನೈತ್ರಿ?”

“ಮ್ಯಾಲ ಗಾಳಿ ಐತಿ, ಕೆಳಗ ಬಳಿ ಅಂಗಡಿ ಅದಾವು. ಹೆಂಡತಿಗೆ ಯಾವುದು ಒಯ್ತೀ ನೋಡು.”

ಅವರಿಗೆ ಯಾವುದನ್ನು ನೋಡಿದರೂ ನಮ್ಮೂರು ನೆನಪಾಗಬೇಕು. ಹುಸೇನ್ ಸಾಗರದ ದಂಡೆಯ ಮೇಲೆ ನಿಂತು, “ನಮ್ಮ ಕೆರಿ ಎರಡೂ ಹೊತ್ತು ಉಂಡು ಮಲಗಿದ್ರ ಹಿಂಗ ಮೈ ಬಿಡ್ತಿತ್ತು” ಅಂದರು. ಒಂದು ಸಲ ಹೊಸ ಗಾಜಿನ ಕಟ್ಟಡ ತೋರಿಸಲು ಕರೆದುಕೊಂಡು ಹೋಗಿದ್ದರು. ಗೇಟಿನವನು ಲಾಠಿ ತಟ್ಟಿ ಏನು ನೋಡುತ್ತೀರಿ ಎಂದು ಗದರಿಸಿದ. ಕಾಕಾ ಕೈ ಮುಗಿದರು. “ನಾವು ಕೆಡವಿದ ಜಾಗದಾಗ ಏನು ಎದ್ದೈತಿ ಅಂತ ನೋಡಾಕತ್ತೀವಿ ಸಾಬ. ನೀ ಕಾಯಿ, ನಾವು ನೋಡ್ತೀವಿ. ಇಬ್ಬರದೂ ಅಲ್ಲ ಇದು.” ಅವನಿಗೆ ಕನ್ನಡ ಬರುತ್ತಿರಲಿಲ್ಲ. ಪುಣ್ಯ.

ಕಾಕಾನಿಗೆ ಒಬ್ಬ ತಮ್ಮ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಇಬ್ಬರು ಹೊರುವ ಕಲ್ಲನ್ನು ಒಬ್ಬನೇ ಎತ್ತುವಷ್ಟು ಗಟ್ಟಿ ಆಳು. ಎಡ ಹುಬ್ಬಿನ ಮೇಲೆ ಗಾಯದ ಗುರುತು. ನಕ್ಕರೆ ಮುಖ ಪೂರ್ತಿ ನಗುತ್ತಿತ್ತು. ನಾನು ಹೊಸದಾಗಿ ಸೇರಿದಾಗ ಅವನನ್ನು ಮೂಕ ಎಂದು ಕರೆದೆ. ಕಾಕಾ ಸುತ್ತಿಗೆ ಕೆಳಗಿಟ್ಟರು.

“ಅವ ಮಾತಾಡಾಕತ್ತಾನ. ನೀ ನೋಡಾಕತ್ತಿಲ್ಲ.”

ನೋಡಲು ಕಲಿತೆ. ಅವನ ಮಾತೆಲ್ಲ ಕೈಯಲ್ಲಿ, ಅದರಲ್ಲೂ ಜಾಗಗಳಲ್ಲಿ. ನಮ್ಮೂರಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ಗುರುತು ಹೇಳಿಯೇ ದಾರಿ ಹೇಳುವುದು. ಒಂದು ಬೇವಿನ ಮರ ಇದೆ. ಯಾವ ಕಾಲದಲ್ಲೋ ಅದಕ್ಕೆ ಒರಗಿಸಿದ ಸೈಕಲ್ಲನ್ನು ಯಾರೂ ಒಯ್ಯದೆ, ಮರವೇ ಬೆಳೆದು ಅದನ್ನು ನುಂಗಿಬಿಟ್ಟಿದೆ. ಹ್ಯಾಂಡಲ್ ಮಾತ್ರ ಹೊರಗೆ ಚಾಚಿದೆ. ಎರಡು ಕೈಯಿಂದ ಹ್ಯಾಂಡಲ್ ಹಿಡಿದು ಗುಟುಕ್ಕನೆ ನುಂಗಿದಂತೆ ಮಾಡಿದರೆ ಆ ಓಣಿ. ಒಂದು ಮನೆಗೆ ಮಾಳಿಗೆಯ ಎತ್ತರದಲ್ಲಿ ಬಾಗಿಲಿದೆ, ಮೆಟ್ಟಿಲು ಬಿದ್ದು ಹೋಗಿ ಬಾಗಿಲೊಂದೇ ಉಳಿದಿದೆ. ತಲೆಯ ಮೇಲೆ ಚಿಲಕ ತೆಗೆದಂತೆ ಮಾಡಿದರೆ ಆ ಮನೆ.

ಇವೆಲ್ಲಕ್ಕಿಂತ ದೊಡ್ಡದು ಸಂತೆ ಬಯಲಿನ ಸೊಂಡಿಲಿಲ್ಲದ ಆನೆ. ಕಲ್ಲಿನದು. ಸೊಂಡಿಲು ಯಾವಾಗ ಮುರಿಯಿತೋ ಯಾರಿಗೂ ಗೊತ್ತಿಲ್ಲ. ಸಂತೆಯಲ್ಲಿ ಯಾರಾದರೂ ತಮ್ಮವರಿಂದ ತಪ್ಪಿಸಿಕೊಂಡರೆ ಆ ಆನೆಯ ಹತ್ತಿರ ಹೋಗಿ ಅದರ ಬೆನ್ನಿನ ಮೇಲೆ ಕೈ ಇಟ್ಟು ನಿಲ್ಲಬೇಕು. ಆಡು ಕಳೆದು ಸಿಕ್ಕರೂ ತಂದು ಅಲ್ಲೇ ಕಟ್ಟುತ್ತಾರೆ. ಆನೆಯ ಮೇಲೆ ಕೈ ಇಟ್ಟು ನಿಂತವರನ್ನು ಅವರ ಮನೆಯವರ ಹೊರತು ಬೇರೆ ಯಾರೂ ಕರೆದುಕೊಂಡು ಹೋಗುವಂತಿಲ್ಲ. ಹೊತ್ತಾದರೆ ಅಕ್ಕಪಕ್ಕದವರು ರೊಟ್ಟಿ ತಂದುಕೊಡುತ್ತಾರೆ, ನೀರು ಕೊಡುತ್ತಾರೆ, ಆದರೆ ಕೈ ಬಿಡಿಸುವುದಿಲ್ಲ. ಕಾಕಾನ ತಮ್ಮ ಚಿಕ್ಕವನಿದ್ದಾಗಿನಿಂದ ಕಲಿತ ಪಾಠ ಇದೊಂದೇ. ಅದಕ್ಕೆ ಅವನ ಸನ್ನೆ ಹೀಗೆ: ಬಲಗೈಯನ್ನು ಮೂಗಿನಿಂದ ಸೊಂಡಿಲಿನಂತೆ ಇಳಿಬಿಡುವುದು, ಎಡಗೈಯಿಂದ ಅದನ್ನು ಕಚಕ್ಕನೆ ಕಡಿದು ಹಾಕುವುದು.

ಹೈದರಾಬಾದಿನಲ್ಲಿ ಆನೆ ಎಲ್ಲಿ? ಕಾಕಾ ಹುಡುಕಿ ಒಂದನ್ನು ಗೊತ್ತು ಮಾಡಿದ್ದರು. ಮೆಹದೀಪಟ್ಣಂ ದಾಟಿದ ಮೇಲೆ ಒಂದು ಮುಚ್ಚಿದ ಸೋಡಾ ಕಾರ್ಖಾನೆ ಇತ್ತು. ಅದರ ಗೋಡೆಯ ಮೂಲೆಯಲ್ಲಿ ಎರಡಾಳು ಎತ್ತರದ ಸಿಮೆಂಟ್ ಬಾಟ್ಲಿ. ಹಸಿರು ಬಣ್ಣ ಉದುರಿ ಬಾಟ್ಲಿಗೆ ಕಜ್ಜಿ ಆದ ಹಾಗೆ ಕಾಣುತ್ತಿತ್ತು. ಹೈದರಾಬಾದಿನವರು ಯಾರೂ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಮಗೆ ಅದೇ ದಿಕ್ಕು. ನಾವು ಮಲಗುವ ಶೆಡ್ಡು ಕೆಲಸ ಬದಲಾದಂತೆ ಬದಲಾಗುತ್ತಿತ್ತು, ಬಾಟ್ಲಿ ಬದಲಾಗುತ್ತಿರಲಿಲ್ಲ. ಕಾಕಾ ತಮ್ಮನ ಕೈಯನ್ನು ಹಿಡಿದು ಬಾಟ್ಲಿಯ ಮೇಲೆ ಇಟ್ಟರು. ಸೊಂಡಿಲು ಕಡಿದ ಸನ್ನೆ ಮಾಡಿದರು. ಅವನಿಗೆ ತಿಳಿಯಿತು. ಇದು ಇಲ್ಲಿನ ಆನೆ. ಆಮೇಲೆ ಎರಡು ಮೂರು ಸಲ ಅವನು ಬಜಾರಿನಲ್ಲಿ ತಪ್ಪಿಸಿಕೊಂಡಾಗ ನಾವು ಬರುವ ಮುಂಚೆಯೇ ಬಸ್ಸು ಹತ್ತಿ ಬಂದು ಬಾಟ್ಲಿಗೆ ಕೈ ಹಚ್ಚಿ ನಿಂತಿದ್ದ. ಇಷ್ಟು ಹೊತ್ತು ಯಾಕೆ ಎಂದು ನಮ್ಮ ಮೇಲೆಯೇ ಸಿಟ್ಟಾಗಿದ್ದ.

ಅವನ ಜೊತೆ ನೋಡಿದ ಹೈದರಾಬಾದೇ ಬೇರೆ. ಗೋಲ್ಕೊಂಡ ಕೋಟೆಯ ಬಾಗಿಲಲ್ಲಿ ಚಪ್ಪಾಳೆ ಹೊಡೆದರೆ ಮೇಲೆ ಗುಡ್ಡದ ತುದಿಗೆ ಕೇಳಿಸುತ್ತದಲ್ಲ, ಕಾಕಾ ಮೇಲೆ ಹತ್ತಿ ನಿಂತರು, ತಮ್ಮನನ್ನು ಕೆಳಗೆ ನಿಲ್ಲಿಸಿದ್ದರು. ಅವನು ಎಲ್ಲರನ್ನೂ ನೋಡಿ ತಾನೂ ಚಪ್ಪಾಳೆ ತಟ್ಟಿದ. ಮೇಲಿಂದ ಕೆಂಪು ಟವೆಲ್ಲು ಆಡಿತು. ತನ್ನ ಕೈ ಅಷ್ಟು ದೂರ ಮುಟ್ಟಿತು ಎಂದು ಅವನಿಗೆ ನಂಬಿಕೆಯೇ ಆಗಲಿಲ್ಲ. ಮತ್ತೆ ತಟ್ಟಿದ, ಮತ್ತೆ ಟವೆಲ್ಲು. ಹಿಂದೆ ಸಾಲು ನಿಂತಿದ್ದ ಜನ ಬೈಯುತ್ತಿದ್ದರೂ ಅವನು ಜಾಗ ಬಿಡಲಿಲ್ಲ. ಇಳಿದು ಬಂದ ಕಾಕಾನ ಕಣ್ಣು ಕೆಂಪಾಗಿದ್ದವು. “ಧೂಳ ಬಿತ್ತು” ಅಂದರು. ಕಾಕಿ ಬಿಡಲಿಲ್ಲ. “ಹೌದ್ರಿ, ದಿನಾ ಸುಣ್ಣದ ಧೂಳ ಕುಡಿಯೋ ಕಣ್ಣಿಗೆ ಇವತ್ತ ಧೂಳ ಬಿತ್ತು.”

ಮೂಸಿ ದಂಡೆಯ ಮ್ಯೂಸಿಯಂನಲ್ಲಿ ಒಂದು ಗಡಿಯಾರ. ಗಂಟೆ ಆಗುವಾಗ ಒಳಗಿಂದ ಒಬ್ಬ ಪುಟ್ಟ ಮನುಷ್ಯ ಬಂದು ಗಂಟೆ ಬಾರಿಸುತ್ತಾನೆ. ಅದಕ್ಕೆ ಮುಂಚೆ ಅಷ್ಟೂ ಜನ ಬಾಯಿ ಮುಚ್ಚಿ ನಿಲ್ಲುತ್ತಾರೆ. ಕಾಕಾನ ತಮ್ಮ ಗಡಿಯಾರ ನೋಡಲೇ ಇಲ್ಲ. ತಿರುಗಿ ನಿಂತು ಜನರ ಮುಖಗಳನ್ನೇ ನೋಡಿದ. ಅಷ್ಟು ಮಂದಿ ತನ್ನ ಹಾಗೆ ಸುಮ್ಮನೆ ನಿಂತದ್ದು ಅವನು ಮೊದಲ ಸಲ ಕಂಡದ್ದಿರಬೇಕು. ಚಾರ್‌ಮಿನಾರ್ ಮುಂದೆ ಫೋಟೋದವನು ನಮ್ಮ ಗುಂಪಿನ ಫೋಟೋ ತೆಗೆದಾಗಲೂ ಹಾಗೆಯೇ. ಎಲ್ಲರೂ ಕ್ಯಾಮೆರಾ ಕಡೆ, ಅವನೊಬ್ಬ ಹಿಂದೆ ಹಾರಿದ ಪಾರಿವಾಳಗಳ ಕಡೆ. ಆ ಫೋಟೋದಲ್ಲಿ ಅವನ ತಲೆಯ ಹಿಂಭಾಗವಷ್ಟೇ ಇದೆ. ಆ ದಿನ ಅದನ್ನು ನೋಡಿ ನಾವೆಲ್ಲ ನಕ್ಕೆವು.

ಈಗ ಆ ಜನವರಿಯ ಮಾತು. ಬರೆಯಲು ಬೆರಳು ಬರುತ್ತಿಲ್ಲ, ಆದರೂ ಬರೆಯಬೇಕು.

ಹೈದರಾಬಾದಿನ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ ಒಬ್ಬ ಮೇಸ್ತ್ರಿಗೆ ಗಟ್ಟಿ ಆಳು ಬೇಕಾಗಿತ್ತು. ಕಾಕಾ ಸ್ವಲ್ಪ ದಿನಕ್ಕೆಂದು ತಮ್ಮನನ್ನು ಅಲ್ಲಿಗೆ ಕಳಿಸಿದ್ದರು. ಅವನು ಅಲ್ಲಿದ್ದಾಗಲೇ ನಮಗೆ ಸೋಡಾ ಕಾರ್ಖಾನೆಯ ರಸ್ತೆಯ ಕೆಲಸ ಬಂತು. ಗೋಡೆ, ಗೇಟು, ಬಾಟ್ಲಿ, ಬಸ್‌ಸ್ಟಾಪಿನ ಕಟ್ಟೆ, ಎಲ್ಲ ನಾವೇ ತೆಗೆದೆವು. ಬಾಟ್ಲಿಯ ಮೊದಲ ಪೆಟ್ಟು ಕಾಕಾನದೇ. ಸುತ್ತಿಗೆ ಎತ್ತುವ ಮುಂಚೆ ಅದಕ್ಕೆ ಕೈ ಮುಗಿದು, “ಭಾಳ ದಿನ ಕಾದೀಯಪ್ಪಾ, ಇನ್ನ ಮಲಕೋ” ಅಂದರು. ಒಳಗೆ ಬರೀ ಇಟ್ಟಿಗೆ ಚೂರು ತುಂಬಿತ್ತು. ಕಾಕಿ ಹೊತ್ತು ಹಾಕಿದರು. ಮಾರನೆಯ ದಿನ ಶೆಡ್ಡು ಇನ್ನೊಂದು ಕಡೆಗೆ ಹೋಯಿತು. ದಿನಾ ಹತ್ತು ಗೋಡೆ ಬೀಳಿಸುವವರಿಗೆ ಯಾವುದು ಬಿತ್ತು ಎಂಬುದು ತಲೆಯಲ್ಲಿ ನಿಲ್ಲುವುದಿಲ್ಲ. ಇದನ್ನು ಆ ಕೆಲಸ ಮಾಡಿದವರಷ್ಟೇ ನಂಬುತ್ತಾರೆ.

ಆ ಭಾನುವಾರ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗುವುದೆಂದು ಆಯಿತು. ಕಾಕಾ ಟೆಂಪೋದಲ್ಲಿ ಕುಷಾಯಿಗೂಡಕ್ಕೆ ಹೋಗಿ ತಮ್ಮನನ್ನು ನೇರವಾಗಿ ಅಲ್ಲಿಗೇ ಕರೆತಂದರು. ಆದ್ದರಿಂದ ಅವನು ನಮ್ಮ ರಸ್ತೆ ನೋಡಲೇ ಇಲ್ಲ. ಮಧ್ಯಾಹ್ನ ದಾಟಿತ್ತು. ಜನವೋ ಜನ. ದೊಡ್ಡ ತೊಟ್ಟಿಲಿನ ಹತ್ತಿರ ನೂಕುನುಗ್ಗಲಿನಲ್ಲಿ ತಿರುಗಿ ನೋಡಿದರೆ ತಮ್ಮ ಇಲ್ಲ. ಮೈಕಿನಲ್ಲಿ ತಪ್ಪಿಸಿಕೊಂಡವರ ಹೆಸರು ಕೂಗುತ್ತಿದ್ದರು. ನಾನು, “ಕಾಕಾ, ಮೈಕಿನ್ಯಾಗ ಹೇಳಸೋಣೇನ್ರಿ?” ಎಂದೆ.

ಕಾಕಾ ನಕ್ಕರು. “ಅವನಿಗೆ ಮೈಕು ಏನ್ ಮಾಡತೈತೋ? ಅವ ಈಗಾಗಲೇ ಬಸ್ ಹತ್ತಿರ್ತಾನ. ಬಾಟ್ಲಿ ಹತ್ರ ನಿಂತು ನಮಗ ಬೈಯಾಕತ್ತಿರ್ತಾನ. ನೀವು ಮಿರ್ಚಿ ತಿನ್ರಿ.”

ನಾವು ಮಿರ್ಚಿ ತಿಂದೆವು. ಕಾಕಿ ಬಳೆ ತೊಡಿಸಿಕೊಂಡರು. ಕಾಕಾ ತಮ್ಮನಿಗೆಂದು ಒಂದು ಕಪ್ಪು ಕನ್ನಡಕ ಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ತಾವೇ ಹಾಕಿಕೊಂಡು, “ಹ್ಯಾಂಗ ಕಾಣತೀನಿ? ಹೀರೋ?” ಎಂದು ಕೇಳಿದರು. ಕಾಕಿ ಹೆಂಗಸರ ಸೀಟಿನಿಂದ ತಿರುಗಿ, “ಕುರಿ ಕಾಯೋ ಹೀರೋ” ಅಂದರು. ಬಸ್ಸಿನಲ್ಲಿದ್ದ ನಮ್ಮವರೆಲ್ಲ ನಕ್ಕರು. ನಗುತ್ತಲೇ ಕಾಕಿಯ ಮುಖ ಬದಲಾಯಿತು. ತಮ್ಮ ಎರಡು ಕೈಗಳನ್ನು ನೋಡಿಕೊಂಡರು, ಹೊಸ ಬಳೆಗಳನ್ನಲ್ಲ, ಅಂಗೈಗಳನ್ನು.

“ರೀ,” ಅಂದರು. “ಬಾಟ್ಲಿ ನಾವು ಒಡದೀವಲ್ರೀ.”

ಕಾಕಾ ಕನ್ನಡಕ ತೆಗೆಯಲಿಲ್ಲ. ಅದರ ಹಿಂದೆ ಏನಾಯಿತೋ ನನಗೆ ಕಾಣಲಿಲ್ಲ. ಬಾಟ್ಲಿ ಇದ್ದ ಜಾಗ ಬಂದಾಗ ಬಸ್ಸು ನಿಲ್ಲುವ ಮುಂಚೆಯೇ ಜಿಗಿದರು.

ಅಲ್ಲಿ ಏನೂ ಇರಲಿಲ್ಲ. ಕೆಂಪು ಮಣ್ಣು, ಜಲ್ಲಿಯ ಗುಡ್ಡೆ, ರೋಲರ್. ಗೋಡೆ ಇದ್ದ ಉದ್ದಕ್ಕೂ ಬಯಲು. ಎದುರಿಗೆ ಒಂದು ಚಹಾದ ಬಂಡಿ ಮಾತ್ರ ಉಳಿದಿತ್ತು. ಅದರ ಮುದುಕ ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. “ಬಂದಿದ್ದನಪ್ಪಾ ಒಬ್ಬ. ಬಸ್ಸಿಳಿದು ಆ ಕಡೆ ಓಡಿದ, ಈ ಕಡೆ ಓಡಿದ. ಆಮೇಲೆ ಅಗೋ ಅಲ್ಲಿ, ಆ ಮಣ್ಣಿನಲ್ಲಿ, ಬಲಗೈ ಮುಂದೆ ಚಾಚಿ ನಿಂತುಬಿಟ್ಟ. ಗಾಳಿಯ ಮೇಲೆ ಕೈ ಇಟ್ಟ ಹಾಗೆ. ತಲೆ ಕೆಟ್ಟವನೇನೋ ಅಂದುಕೊಂಡೆ. ಚಹಾ ಕೊಟ್ಟೆ, ಒಂದೇ ಕೈಯಲ್ಲಿ ಕುಡಿದ, ಇನ್ನೊಂದು ಕೈ ಇಳಿಸಲಿಲ್ಲ. ಭಾಳ ಹೊತ್ತು ನಿಂತಿದ್ದ. ರೋಲರಿನವನು ಬಂದು ಅತ್ತ ಸರಿ ಎಂದು ಕೂಗಿದ. ಕೇಳಿಸಲಿಲ್ಲ. ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. ಆಮೇಲೆ ಇವನು ಆ ಕಡೆ ನಡೆದು ಹೋದ.”

ಯಾವ ಕಡೆ ಎಂದು ಕಾಕಾ ಕೇಳಿದರು. ಮುದುಕ ಹೊಸ ರಸ್ತೆಯ ಕಡೆ ಕೈ ತೋರಿಸಿದ. ಆ ರಸ್ತೆ ಎಷ್ಟು ಅಗಲ ಆಗಿತ್ತೆಂದರೆ ಅದರ ಮೇಲೆ ನಡೆದು ಹೋದ ಮನುಷ್ಯ ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ.

ಹುಡುಕಿದೆವು. ಕುಷಾಯಿಗೂಡದ ಶೆಡ್ಡಿಗೂ ಅವನು ಹೋಗಿರಲಿಲ್ಲ. ಆಸ್ಪತ್ರೆ, ರೈಲ್ವೆ ಸ್ಟೇಷನ್, ದರ್ಗಾ, ಗುಡಿಗಳ ಮುಂದಿನ ಸಾಲು. ಪೊಲೀಸ್ ಠಾಣೆಯಲ್ಲಿ ಬರೆದುಕೊಂಡರು, ಫೋಟೋ ಕೇಳಿದರು. ಕಾಕಾ ಚಾರ್‌ಮಿನಾರ್ ಫೋಟೋ ಕೊಟ್ಟರು. “ಇದರಲ್ಲಿ ಮುಖ ಎಲ್ಲಿ?” ಎಂದು ಕೇಳಿದರು. ಕಾಕಾ ಫೋಟೋ ತಿರುಗಿಸಿ ಹಿಂದೆ ನೋಡಿದರು, ಅಲ್ಲೇನಾದರೂ ಮುಖ ಇದೆಯೇನೋ ಎಂಬಂತೆ. ಆ ಗಳಿಗೆ ನನಗೆ ಸಾಯುವವರೆಗೂ ಮರೆಯುವುದಿಲ್ಲ.

ಕಾಕಾ ಅಳಲಿಲ್ಲ. ಒಂದೇ ಮಾತು, ಉಣ್ಣುವಾಗ, ಬೀಡಿ ಹಚ್ಚುವಾಗ, ಯಾರೂ ಕೇಳದಿದ್ದರೂ: “ಅವ ಬಂದಿದ್ದ. ನಾ ಹೇಳಿದಂಗ ಬಂದಿದ್ದ.” ಕಾಕಿ ಗಂಡನಿಗೆ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಆ ಬಳೆಗಳನ್ನು ತೆಗೆದು ಚಹಾ ಬಂಡಿಯ ಮುದುಕನ ಮೊಮ್ಮಗಳಿಗೆ ಕೊಟ್ಟುಬಿಟ್ಟರು.

ಭಾನುವಾರದ ತಿರುಗಾಟ ನಿಲ್ಲಲಿಲ್ಲ. ಹೆಚ್ಚಾಯಿತು. ಊರಿನಿಂದ ಹೊಸಬರು ಬಂದರೆ ಕಾಕಾ ಹುರುಪಿನಿಂದ ಹೊರಡುವರು. ಹೊಸಬರಿಗೆ ಏನು ಗೊತ್ತು, ಮೇಸ್ತ್ರಿ ಪಟ್ಟಣ ತೋರಿಸುತ್ತಾರೆ ಎಂದು ಖುಷಿ. ಗೋಲ್ಕೊಂಡದ ಬಾಗಿಲಲ್ಲಿ ನಿಲ್ಲಿಸಿ, “ನೀ ಎಡಕ್ಕ ನೋಡು, ನೀ ಬಲಕ್ಕ ನೋಡು, ಕ್ವಾಟಿ ನೋಡಬ್ಯಾಡ್ರಿ, ಮಂದಿ ನೋಡ್ರಿ” ಎನ್ನುವರು. ಅವರಿಗೆ ಬೇಕಾಗಿದ್ದದ್ದು ಕಣ್ಣುಗಳು. ಒಬ್ಬ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಮ್ಯೂಸಿಯಂನಲ್ಲಿ ಕೇಳಿಯೇಬಿಟ್ಟಳು. “ಕಾಕಾ, ಎಲ್ಲಾರೂ ಗಡಿಯಾರ ನೋಡಾಕತ್ತಾರ. ನೀವ್ಯಾಕ ಇತ್ತಾಗ ತಿರುಗಿ ನಿಂತೀರಿ?” ಕಾಕಾ ನಿಂತದ್ದು ಹಿಂದೆ ಅವರ ತಮ್ಮ ನಿಂತಿದ್ದ ಜಾಗದಲ್ಲೇ. ಗಂಟೆ ಹೊಡೆಯಿತು. ಜನ ಚಪ್ಪಾಳೆ ತಟ್ಟಿ ಚದುರಿದರು.

ಕೋಟೆ, ಮ್ಯೂಸಿಯಂ ಮುಗಿಸಿ ಸಂಜೆ ಬಾಟ್ಲಿಯ ಜಾಗಕ್ಕೆ. ಡಾಂಬರು ಬಿದ್ದ ಮೇಲೆ ಆ ಜಾಗ ರಸ್ತೆಯೊಳಗೇ ಸೇರಿಹೋಯಿತು. ಕಾಕಾ ಅದರ ಅಂಚಿನಲ್ಲಿ ಕೆಂಪು ಟವೆಲಿನ ಕೋಲು ಹಿಡಿದು ನಿಲ್ಲುವರು. ಕಂಪನಿಯ ಕಾರುಗಳು ಹಾರ್ನ್ ಹೊಡೆದು ಹೋಗುತ್ತಿದ್ದವು. ಒಂದು ಸಲ ಕೋಳಿ ಜಾಲರಿಗೆ ಸಿಮೆಂಟು ಮೆತ್ತಿ ಸೊಂಟದೆತ್ತರದ ಬಾಟ್ಲಿ ಮಾಡಿ, ಹಸಿರು ಬಳಿದು ತಂದಿಟ್ಟರು. ಮುಂದಿನ ವಾರ ಅದು ಅಲ್ಲಿರಲಿಲ್ಲ. ಇನ್ನೊಂದು ಮಾಡಿದರು, ಅದೂ ಹೋಯಿತು. ಆಮೇಲೆ ತಾವೇ ನಿಂತರು. ಟ್ರಾಫಿಕ್ಕಿನವನು ಮೊದಮೊದಲು ಗದರಿಸುತ್ತಿದ್ದ. ವಿಷಯ ತಿಳಿದ ಮೇಲೆ ಬಿಸಿಲು ಜಾಸ್ತಿ ಇದ್ದ ದಿನ ತನ್ನ ಛತ್ರಿಯ ನೆರಳಿಗೆ ಕರೆಯುತ್ತಿದ್ದ. ಕಾಕಾ ಹೋಗುತ್ತಿರಲಿಲ್ಲ. “ಅಲ್ಲಿ ನಿಂತ್ರ ಅವನಿಗೆ ಕಾಣಂಗಿಲ್ರಿ.”

ಕೆಡವುವ ಕೆಲಸ ಅವರಿಂದ ಆಗದಾಯಿತು. ಗುತ್ತಿಗೆದಾರ ಗೋಡೆ ತೋರಿಸಿದರೆ ಕಾಕಾ, “ಇದರ ಹತ್ರ ಯಾರರ ಯಾರಿಗರ ಕಾಯ್ತಾರೇನು, ಮೊದಲ ಕೇಳ್ರಿ” ಎನ್ನುವರು. ಅವನು ನಕ್ಕು ಬೇರೆ ಗ್ಯಾಂಗಿಗೆ ಕೊಟ್ಟ. ನಾವು ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಕೊಂಡೆವು. ನಾನು ಊರಿಗೆ ಹೊರಟಾಗ ಕಾಕಾ ನನ್ನ ಭುಜ ಹಿಡಿದು, “ನೀ ಅಕ್ಷರ ಕಲಿಯೋ. ಗಿಡ, ಗ್ವಾಡಿ, ಬಾಟ್ಲಿ ಯಾವುದೂ ನಿಂದ್ರಂಗಿಲ್ಲ” ಅಂದರು. ಅದಕ್ಕೇ ಕಲಿತೆ. ಚಿಕ್ಕ ಹುಡುಗರ ಪಕ್ಕ ಕೂತು ಹತ್ತನೆಯ ಪರೀಕ್ಷೆ ಬರೆದೆ. ಈಗ ಊರಿನ ಗ್ರಂಥಾಲಯದಲ್ಲಿ ಜವಾನ.

ಎಷ್ಟೋ ವರ್ಷದ ಮೇಲೆ ಕಾಕಾ, ಕಾಕಿ ಊರಿಗೆ ಬಂದರು. ಬಂದ ಮಾರನೆಯ ದಿನದಿಂದ ಕಾಕಾ ಸಂತೆ ಬಯಲಿನ ಆನೆಯ ಹತ್ತಿರ. ನಡೆದು ನಡೆದು ಒಂದು ದಿನ ಊರಿಗೇ ಬರುತ್ತಾನೆ, ಬಂದರೆ ಮನೆಗೆ ಬರುವುದಿಲ್ಲ, ಇಲ್ಲೇ ನಿಲ್ಲುತ್ತಾನೆ ಎಂದು ಅವರ ಲೆಕ್ಕ. ಗ್ರಂಥಾಲಯಕ್ಕೆ ಹೋಗುವಾಗ ನಾನು ಕೇಳುತ್ತಿದ್ದೆ.

“ಕಾಕಾ, ಆನಿ ಏನಂತ್ರಿ?”

“ಇನ್ನೂ ಬಂದಿಲ್ಲ ಅಂತು.”

ತೀರಿಕೊಳ್ಳುವ ಹಿಂದಿನ ವಾರ ಅವರಿಗೆ ಏಳಲು ಆಗುತ್ತಿರಲಿಲ್ಲ. ನಮ್ಮೂರಿನ ರಸ್ತೆಯೂ ಅಗಲ ಆಗುತ್ತದೆ, ಆನೆಯ ಬೆನ್ನಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ ಎಂಬ ಸುದ್ದಿ ಯಾರೋ ಅವರಿಗೆ ಮುಟ್ಟಿಸಿಬಿಟ್ಟಿದ್ದರು. ನನ್ನನ್ನು ಕರೆಸಿದರು. ಕಪ್ಪು ಕನ್ನಡಕ ದಿಂಬಿನ ಪಕ್ಕದಲ್ಲಿತ್ತು. ಒಂದು ಗಾಜು ಒಡೆದಿತ್ತು.

“ಅದನ್ನೂ ತೆಗದ್ರ,” ಅಂದರು, “ಅವ ಬಂದು ಎಲ್ಲಿ ಕೈ ಇಡಬೇಕೋ?”

ಆನೆಯನ್ನು ಬಿಡಿ ಎಂದು ಅರ್ಜಿ ಕೊಟ್ಟಿದ್ದೇವೆ. ನೋಡೋಣ ಅಂದಿದ್ದಾರೆ. ಸಂತೆಯ ದಿನ ಕಾಕಿ ಹೋಗಿ ಅದರ ಪಕ್ಕದಲ್ಲಿ ಕೂರುತ್ತಾರೆ, ಬುತ್ತಿ ಕಟ್ಟಿಕೊಂಡು, ಎರಡು ರೊಟ್ಟಿ ಹೆಚ್ಚಿಗೆ.

ಓದುಗರೇ, ನಿಮ್ಮೂರಲ್ಲೂ ತಪ್ಪಿಸಿಕೊಂಡವರು ಹೋಗಿ ನಿಲ್ಲುವ ಇಂಥ ಕಲ್ಲೋ ಕಟ್ಟೆಯೋ ಇದ್ದಿರಬಹುದು. ಅದು ಹೋದ ಮೇಲೆ ನಿಮ್ಮವರು ಎಲ್ಲಿ ನಿಂತರು, ಯಾರಾದರೂ ತಿರುಗಿ ಸಿಕ್ಕರೇ ಎಂಬುದನ್ನು ದಯವಿಟ್ಟು ಬರೆಯಿರಿ. ಕಾಕಿಗೆ ಓದಿ ಹೇಳುತ್ತೇನೆ. ಹಾಗೆಯೇ ನೀವು ಯಾವುದಾದರೂ ಊರಿನಲ್ಲಿ, ಯಾವುದಾದರೂ ರಸ್ತೆಯ ಅಂಚಿನಲ್ಲಿ, ಎಡ ಹುಬ್ಬಿನ ಮೇಲೆ ಗಾಯದ ಗುರುತಿರುವ, ಈಗ ತಲೆ ನರೆತಿರಬಹುದಾದ ಒಬ್ಬ ಮನುಷ್ಯ ಬಲಗೈ ಚಾಚಿ ನಿಂತಿರುವುದನ್ನು ಕಂಡರೆ ಕೂಗಬೇಡಿ, ಅವನಿಗೆ ಕೇಳಿಸುವುದಿಲ್ಲ. ತೋಳು ಹಿಡಿದು ಎಳೆಯಬೇಡಿ. ಎದುರಿಗೆ ಬಂದು ನಿಲ್ಲಿ. ಬಲಗೈಯನ್ನು ಮೂಗಿನಿಂದ ಇಳಿಬಿಡಿ, ಎಡಗೈಯಿಂದ ಅದನ್ನು ಕಡಿಯಿರಿ. ಅವನಿಗೆ ತಿಳಿಯುತ್ತದೆ. ಆಮೇಲೆ ಒಂದು ಸಾಲು ಬರೆಯಿರಿ, ಎಲ್ಲಿದ್ದರೂ ನಾವು ಬರುತ್ತೇವೆ.